ಲ್ಯಾಬ್ರಡಾರ್, ಬೆಕ್ಕು ಎರಡೂ ಇರುವ ಮನೆಗೆ ಯಾವ ನೆಲ?

ಲ್ಯಾಬ್ರಡಾರ್ ಮರಿ ಇದೆ, ಜೊತೆಗೆ ಬೆಕ್ಕೂ ಇದೆ, ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಲಾ, ಲ್ಯಾಮಿನೇಟ್ ಹಾಕಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮ್ಯಾಟ್ ಫಿನಿಶ್, ಅಂದರೆ ಮೇಲೆ ಹೊಳಪಿಲ್ಲದ ವಿಟ್ರಿಫೈಡ್ ಹಾಕಿಸಿ.

ಹೊಳೆಯುವ ಟೈಲ್ಸ್ ಮೇಲೆ ನಾಯಿಯ ಕಾಲು ನಿಲ್ಲುವುದಿಲ್ಲ. ಲ್ಯಾಬ್ರಡಾರ್‌ಗಳಿಗೆ ಮೊದಲೇ ಸೊಂಟದ ಕೀಲಿನ ತೊಂದರೆ ಜಾಸ್ತಿ, ಬೆಳೆಯುವ ವಯಸ್ಸಿನಲ್ಲಿ ದಿನಾ ಜಾರುತ್ತಾ ಓಡಾಡಿದರೆ ಅದು ಇನ್ನೂ ಹದಗೆಡಬಹುದು, ವಯಸ್ಸಾದ ಮೇಲಂತೂ ಪಾಪ ಎದ್ದು ನಿಲ್ಲುವುದಕ್ಕೇ ಒದ್ದಾಡುತ್ತವೆ. ಅಂಗಡಿಯಲ್ಲಿ ಆರ್10 ರೇಟಿಂಗ್ ಇರುವುದನ್ನು ಕೇಳಿ. ಜಾರದಿರುವ ಗುಣದ ಅಳತೆ ಅದು, ಆರ್9ರಿಂದ ಆರ್13ರವರೆಗೆ ಇರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ. ತೀರಾ ಒರಟು ಬೇಡ, ಕೂದಲು ಸಿಕ್ಕಿಕೊಂಡು ಒರೆಸುವುದೇ ಕೆಲಸ ಆಗುತ್ತದೆ.

ಲ್ಯಾಮಿನೇಟ್ ಒಳಗಿರುವುದು ಮರದ ನಾರು ಒತ್ತಿ ಮಾಡಿದ ಹಲಗೆ. ನೀವು ಇಲ್ಲದಾಗ ಮರಿ ಉಚ್ಚೆ ಹೊಯ್ದರೆ ಅದು ಸಂದಿಗೆ ಇಳಿದು ಹಲಗೆ ಉಬ್ಬುತ್ತದೆ, ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಟೈಲ್ಸ್ ಸಂದಿಗೂ ಉಚ್ಚೆ ಇಳಿಯುತ್ತದೆ, ಅದಕ್ಕೇ ಅಲ್ಲಿ ಸಿಮೆಂಟ್ ಬದಲು ಎಪಾಕ್ಸಿ ಗ್ರೌಟ್ (ಸಂದಿ ತುಂಬುವ, ರಾಳದಂಥ ಅಂಟು) ಹಾಕಿಸಿ. ಖರ್ಚು ಜಾಸ್ತಿ, ಆದರೆ ನೀರು ಹೀರುವುದಿಲ್ಲ. ಯಾರಾದರೂ ಮಾರ್ಬಲ್ ಅಂದರೆ ಸುಮ್ನೆ ಬೇಡ ಅನ್ನಿ, ಕಲೆ ಬೇಗ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬೆಕ್ಕಿರುವ ಮನೆಯಲ್ಲಿ ಫಿನೈಲ್ ಹಾಕಿ ನೆಲ ಒರೆಸಬೇಡಿ. ಹಲವು ಫಿನೈಲ್‌ಗಳಲ್ಲಿರುವ ಫೀನಾಲ್ ಎಂಬ ರಾಸಾಯನಿಕವನ್ನು ಬೆಕ್ಕಿನ ಲಿವರ್ ಸರಿಯಾಗಿ ಕರಗಿಸಲಾರದು, ಬೆಕ್ಕು ನೆಲ ಮೆಟ್ಟಿದ ಪಾದ ನೆಕ್ಕುತ್ತಲೇ ಇರುತ್ತದೆ ಅಲ್ವಾ? ಉಚ್ಚೆ ಬಿದ್ದ ಜಾಗಕ್ಕೆ ಎನ್‌ಜೈಮ್ ಕ್ಲೀನರ್ (ಉಚ್ಚೆಯ ಅಂಶವನ್ನೇ ಒಡೆದು ವಾಸನೆ ತೆಗೆಯುವ ದ್ರಾವಣ) ಬಳಸಿ. ವಾಸನೆ ಪೂರ್ತಿ ಹೋಗದಿದ್ದರೆ ಮರಿ ಮತ್ತೆ ಅಲ್ಲಿಗೇ ಹೋಗುತ್ತದೆ.