ಆಫೀಸಿಗೆ ಹೋಗುವ ಅಮ್ಮಂದಿರಿಗೆ ಯಾವ ಬ್ರೆಸ್ಟ್ ಪಂಪ್ ಸರಿ? ತೆಗೆದ ಹಾಲು ಎಷ್ಟು ಹೊತ್ತು ಇಡಬಹುದು?

ಹೆರಿಗೆ ರಜೆ ಮುಗಿದು ದಿನಾ ಕೆಲಸಕ್ಕೆ ಹೋಗಬೇಕು ಅಂದ್ರೆ ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಎಲೆಕ್ಟ್ರಿಕ್ ಪಂಪ್ ತಗೊಳ್ಳಿ. ಅದೂ ಬ್ಯಾಟರಿ ಇರೋದು, ಕರೆಂಟ್ ಹೋದರೂ ನಡೆಯುತ್ತದೆ. ಅಪರೂಪಕ್ಕೆ ಮದುವೆ, ಮುಂಜಿಗೆ ಹೋಗುವಾಗ ಮಾತ್ರ ಬೇಕಾದರೆ ಕೈಯಲ್ಲಿ ಒತ್ತುವ ಪಂಪ್ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಎದೆಗೆ ಇಡುವ ಫನಲ್ ಅಳತೆ. ನನ್ನ ಪಂಪಿನ ಜೊತೆ ಬಂದದ್ದು 24 ಎಂಎಂ, ಪಂಪ್ ಎಳೆದಾಗೆಲ್ಲ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿ ಒಂದು ವಾರ ಕಣ್ಣೀರು ಬರುವಷ್ಟು ನೋವು ತಿಂದೆ. 21ಕ್ಕೆ ಬದಲಾಯಿಸಿದ ಮೇಲೆ ನೋವೂ ಹೋಯಿತು, ಹಾಲೂ ಜಾಸ್ತಿ ಬಂತು. ನೋವು ಸಹಿಸಿಕೊಂಡು ಪಂಪ್ ಮಾಡಲೇಬೇಡಿ.

ತಾಜಾ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಆ ಲೆಕ್ಕ ಬೇಡ, ತಕ್ಷಣ ಫ್ರಿಜ್‌ಗೆ ಇಡಿ. ಫ್ರಿಜ್‌ನಲ್ಲಿ 4 ದಿನ, ಆದರೆ ಬಾಗಿಲಲ್ಲಿ ಅಲ್ಲ, ಒಳಗೆ ಹಿಂಬದಿಗೆ. ಫ್ರೀಜರ್‌ನಲ್ಲಿ 6 ತಿಂಗಳೊಳಗೆ ಬಳಸಿದರೆ ಒಳ್ಳೆಯದು. 60ರಿಂದ 120 ಎಂಎಲ್‌ನಂತೆ ಬೇರೆ ಬೇರೆ ಇಟ್ಟು ತಾರೀಕು ಬರೆಯಿರಿ, ಆಗ ಹಾಲು ದಂಡವಾಗುವುದಿಲ್ಲ.

ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿದರೆ ಕೆಟ್ಟಿದೆ ಅಂತ ಚೆಲ್ಲಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಕುದಿದು ಮಗುವಿನ ಬಾಯಿ ಸುಡುತ್ತದೆ. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಕುಡಿಸಿ, ಇಲ್ಲವಾದರೆ ಚೆಲ್ಲಿ. ಕರಗಿದ ಹಾಲನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.