ಕಡಿಮೆ ಓಡಿದ ಹಳೇ ಕಾರು ಹುಡುಕುತ್ತಿದ್ದೀರಾ? ನಾನೂ ಹುಡುಕಿದ್ದೆ
ಕೈಯಲ್ಲಿ ದುಡ್ಡು ಕಡಿಮೆ ಇದೆ, ವರ್ಷ ಎಷ್ಟಾದರೂ ಆಗಿರಲಿ, 50,000 ಕಿಲೋಮೀಟರ್ ಒಳಗೆ ಓಡಿರೋ ಕಾರು ಬೇಕು, ಯಾವ ಮಾಡೆಲ್ ನೋಡಲಿ ಅಂತ ಕೇಳಿದ್ದೀರಿ. 12 ವರ್ಷ ಹಳೆಯ, 38,000 ಓಡಿದ ಒಂದು ಕಾರು ಕಣ್ಣಿಗೆ ಬಿದ್ದಿದೆ ಅಂತಲೂ ಬರೆದಿದ್ದೀರಿ. ಅದನ್ನು ಓದಿ ನನಗೆ ಸುಮ್ನೆ ಇರೋಕೆ ಆಗಲಿಲ್ಲ.

ಎಂಟು ವರ್ಷದ ಹಿಂದೆ ನಾನು ಕೊಂಡಿದ್ದು 11 ವರ್ಷದ ಕಾರು. ಮೀಟರಿನಲ್ಲಿ 43,000. ಮಾರಿದವರು ವಯಸ್ಸಾದವರು, ಒಬ್ಬರೇ ಓನರ್, ಮೀಟರ್ ತಿರುಗಿಸಿರಲಿಲ್ಲ, ಸುಳ್ಳು ಹೇಳಲಿಲ್ಲ. ಸೀಟು ಹೊಸದರಂತಿತ್ತು. ಪೆಡಲ್ ರಬ್ಬರ್ ಸವೆದಿರಲಿಲ್ಲ. ಅವರು ಕೇಳಿದ್ದನ್ನು ಪೂರ್ತಿ ಕೊಟ್ಟೆ, ನನ್ನ ಹತ್ತಿರ ಇದ್ದಿದ್ದೇ ಅಷ್ಟು.

ಏಳನೇ ವಾರ, ಸಿಗ್ನಲ್ ಬಿಟ್ಟು ಗೇರ್ ಬದಲಿಸುತ್ತಿದ್ದಾಗ ಟಕ್ ಅಂತ ಒಂದು ಸದ್ದು, ಇಂಜಿನ್ ಆಫ್. ಸೆಲ್ಫ್ ಹೊಡೆದರೆ ಇಂಜಿನ್ ಯಾವತ್ತಿಗಿಂತ ಹಗುರವಾಗಿ, ಬೇಗ ಬೇಗ ತಿರುಗುತ್ತಿತ್ತು, ಆದರೆ ಹತ್ತಿಕೊಳ್ಳುತ್ತಿರಲಿಲ್ಲ. ಆ ಹಗುರ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಎಳೆದುಕೊಂಡು ಹೋಗಿ ಗ್ಯಾರೇಜಿಗೆ ಹಾಕಿದೆವು. ಮೆಕ್ಯಾನಿಕ್ ಪಕ್ಕದ ಕವರ್ ಬಿಚ್ಚಿದರು. ಟೈಮಿಂಗ್ ಬೆಲ್ಟ್ ಹರಿದಿತ್ತು.

ನಾನು ಮಾಡಿದ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದನ್ನೇ ಮಾಡೋಕೆ ಹೊರಟಿದ್ದೀರಿ. ಕಾರಿನ ಜೊತೆ ಬಂದ ಪುಸ್ತಕ ನಾನು ಓದಿದ್ದೆ. ಬೆಲ್ಟ್ ಬದಲಿಸೋದು 1,00,000 ಕಿಲೋಮೀಟರಿಗೆ ಅಂತ ಇತ್ತು. ನನ್ನದು 43,000, ಇನ್ನೂ ಅರ್ಧಕ್ಕಿಂತ ಜಾಸ್ತಿ ಆಯಸ್ಸಿದೆ ಅಂದುಕೊಂಡು ಪುಟ ಮಗುಚಿದೆ. ಅದೇ ಸಾಲಿನ ಕೊನೆಯಲ್ಲಿ "ಅಥವಾ 6 ವರ್ಷ, ಯಾವುದು ಮೊದಲೋ ಅದು" ಅಂತ ಇತ್ತು. ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. "ಬೆಲ್ಟು ರಬ್ಬರ್ ಅಲ್ವಾ, ನಿಂತಲ್ಲೇ ಮುದಿಯಾಗುತ್ತೆ" ಅಂದರು ಮೆಕ್ಯಾನಿಕ್. ಬಿಸಿ, ಚಳಿ, ಎಣ್ಣೆಯ ಹನಿ, ಇವೆಲ್ಲ ವರ್ಷಗಟ್ಟಲೆ ಅದನ್ನು ತಿಂದಿದ್ದವು, ಕಾರು ಓಡಲಿ ಬಿಡಲಿ.

ಹರಿದರೆ ಬರೀ ಬೆಲ್ಟಿನ ಖರ್ಚಲ್ಲ, ಅದೇ ನೋವು. ಪಿಸ್ಟನ್ ಮೇಲೆ ಬರೋ ಹೊತ್ತಿಗೆ, ಗಾಳಿ ಒಳಗೆ ಹೊಗೆ ಹೊರಗೆ ಬಿಡೋ ಬಾಗಿಲಿನಂಥ ವಾಲ್ವ್‌ಗಳು ದಾರಿಯಿಂದ ಸರಿದಿರಬೇಕು. ಆ ಲೆಕ್ಕ ತಪ್ಪದಂತೆ ಹಿಡಿದಿರೋದು ಆ ಬೆಲ್ಟು. ಅದು ಹರಿದಾಗ ಕೆಲವು ವಾಲ್ವ್ ತೆರೆದಲ್ಲೇ ನಿಲ್ಲುತ್ತವೆ, ಪಿಸ್ಟನ್ ವೇಗದಲ್ಲಿ ಬಂದು ಗುದ್ದುತ್ತದೆ. ಕೆಲವು ಇಂಜಿನ್‌ಗಳಲ್ಲಿ ಎರಡರ ಮಧ್ಯೆ ಜಾಗ ಇರುತ್ತದೆ, ಏನೂ ಆಗಲ್ಲ. ನನ್ನದರಲ್ಲಿ ಇರಲಿಲ್ಲ. 16 ವಾಲ್ವ್‌ನಲ್ಲಿ 8 ಬಾಗಿದ್ದವು. ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಇಳಿಸಿ ರಿಪೇರಿ ಮಾಡೋಕೆ ಕಾರಿನ ಬೆಲೆಯಲ್ಲಿ ಹತ್ತಿರ ಹತ್ತಿರ ಅರ್ಧ ಕೇಳಿದರು. ಕೈಯಲ್ಲಿ ಏನೂ ಇರಲಿಲ್ಲ. ಐದು ತಿಂಗಳು ಕಾರು ನಿಂತೇ ಇತ್ತು, ಕೊನೆಗೆ ಬಿಡಿಭಾಗಕ್ಕೆ ಅಂತ ಕೊಟ್ಟುಬಿಟ್ಟೆ. ಕೊಳ್ಳುವಾಗಲೇ ಬೆಲ್ಟ್ ಬದಲಿಸಿದ್ದರೆ ಆ ರಿಪೇರಿ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಹಳೇ ಕಾರು ಕಡಿಮೆ ಓಡಿದೆ ಅನ್ನೋದು ಒಳ್ಳೆ ಸುದ್ದಿ ಅಲ್ಲ. ಹೋಸ್, ಸೀಲ್, ಬುಷ್, ಟೈರ್ ಎಲ್ಲ ರಬ್ಬರೇ. ಬ್ರೇಕ್ ಆಯಿಲ್ ಸುಮ್ನೆ ಇದ್ದರೂ ಗಾಳಿಯ ತೇವ ಹೀರಿಕೊಳ್ಳುತ್ತದೆ. ದಿನಾ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸೋ ಕಾರಿನ ಇಂಜಿನ್ ಪೂರ್ತಿ ಬಿಸಿಯಾಗೋದೇ ಇಲ್ಲ, ಆಯಿಲ್‌ನಲ್ಲಿ ಸೇರಿದ ನೀರು ಆವಿಯಾಗಿ ಹೋಗಲ್ಲ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಇದ್ಯಾವುದೂ ಮೀಟರಿನಲ್ಲಿ ಕಾಣಲ್ಲ.

ಮುಂದಿನ ವರ್ಷ ಸಾಲ ಮಾಡಿ ಇನ್ನೊಂದು ಕೊಂಡೆ. 7 ವರ್ಷದ್ದು, 1,38,000 ಓಡಿತ್ತು. ಎಲ್ಲರೂ ಬೇಡ ಅಂದರು. ಆದರೆ ಓನರ್ ಒಂದು ದಪ್ಪ ಫೈಲ್ ತಂದು ಮುಂದಿಟ್ಟರು, ಮೊದಲ ಸರ್ವಿಸ್‌ನಿಂದ ಹಿಡಿದು ಪ್ರತಿ ಬಿಲ್ಲೂ ಅದರಲ್ಲಿತ್ತು. ದಿನಾ ಹೆದ್ದಾರಿಯಲ್ಲಿ ಓಡಿದ ಗಾಡಿ. ಬೆಲ್ಟ್ ಬದಲು ಚೈನ್ ಇರೋ ಇಂಜಿನ್. ಚೈನ್‌ಗೂ ಸವೆತ ಇದೆ, ಆಯಿಲ್ ಬದಲಿಸದಿದ್ದರೆ ಅದೂ ಕೈಕೊಡುತ್ತದೆ, ಅದಕ್ಕೇ ಆಯಿಲ್ ಬಿಲ್‌ಗಳನ್ನು ಒಂದೊಂದಾಗಿ ನೋಡಿದೆ. ಜಾಸ್ತಿ ಓಡಿದೆ ಅಂತ ಬೆಲೆಯೂ ಕಡಿಮೆ ಇತ್ತು. ಈ ಸಲ ಇದ್ದ ದುಡ್ಡಿನಲ್ಲಿ ಕಾಲು ಭಾಗ ಮುಟ್ಟದೆ ಇಟ್ಟುಕೊಂಡೆ. ಮೊದಲ ವಾರವೇ ಇಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಫಿಲ್ಟರ್‌ಗಳು, ಎರಡು ಟೈರ್ ಬದಲಿಸಿದೆ. ಈಗ 2,31,000 ಆಗಿದೆ. ದಾರಿಯಲ್ಲಿ ಒಂದೇ ಒಂದು ಸಲ ನಿಂತಿದೆ, ಅದೂ ಬ್ಯಾಟರಿಯಿಂದ.

ಯಾವ ಮಾಡೆಲ್ ಅಂದರೆ, ನಿಮ್ಮ ಸುತ್ತಮುತ್ತ ಜಾಸ್ತಿ ಓಡಾಡೋದು ಯಾವುದೋ ಅದು. ಯಾವ ಮೆಕ್ಯಾನಿಕ್‌ಗೂ ಗೊತ್ತಿರುತ್ತದೆ, ಪಾರ್ಟ್ ಸಿಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ದೊಡ್ಡ ಐಷಾರಾಮಿ ಕಾರಿಗೆ ಕೈ ಹಾಕಬೇಡಿ, ಕಾರಿನ ಬೆಲೆ ಇಳಿದಿರುತ್ತದೆ, ಅದರ ಪಾರ್ಟ್‌ಗಳ ಬೆಲೆ ಇಳಿದಿರಲ್ಲ.

ನೋಡೋಕೆ ಹೋಗುವಾಗ, "ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಮಾರುವವರಿಗೆ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ, ಯಾಕೆಂದರೆ ತಣ್ಣಗಿರೋ ಇಂಜಿನ್ ಮಾತ್ರ ಪೂರ್ತಿ ನಿಜ ಹೇಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಪಿಸ್ಟನ್ ಇರೋ ಜಾಗಕ್ಕೆ ಸೋರುತ್ತಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದೋ ಸ್ಕ್ಯಾನರ್ ಹಾಕಿಸಿ, ಎರರ್ ಇಲ್ಲ ಅಂತ ತೋರಿಸಿದರೆ ಅಷ್ಟಕ್ಕೇ ನಂಬಬೇಡಿ, ದೋಷದ ಕೋಡ್ ಈಚೆಗೆ ಅಳಿಸಿದ್ದಾರಾ ಅಂತ ಸ್ಕ್ಯಾನರ್ ಹಾಕಿದವರನ್ನು ಕೇಳಿ, ಅದೂ ಗೊತ್ತಾಗುತ್ತದೆ. ಮಾರುವವರ ಮೆಕ್ಯಾನಿಕ್ ಬೇಡ, ನೀವೇ ದುಡ್ಡು ಕೊಟ್ಟು ಒಬ್ಬರನ್ನು ಕರೆದುಕೊಂಡು ಹೋಗಿ. ಇಲ್ಲಿ ಉಳಿಸೋಕೆ ಹೋಗಲೇಬೇಡಿ.

ಆ 38,000 ಓಡಿದ ಕಾರು ಇನ್ನೂ ಮನಸ್ಸಿನಲ್ಲಿದ್ದರೆ, ಮೊದಲು ಅದರ ಇಂಜಿನ್‌ಗೆ ಬೆಲ್ಟೋ ಚೈನೋ ತಿಳಿದುಕೊಳ್ಳಿ. ಬೆಲ್ಟ್ ಆದರೆ ಯಾವಾಗ ಬದಲಿಸಿದ್ದೀರಿ ಅಂತ ಕೇಳಿ, ಬಿಲ್ ನೋಡಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯೋ ಟೆನ್ಷನರ್, ವಾಟರ್ ಪಂಪ್, ಮಜೂರಿ ಎಲ್ಲ ಸೇರಿಸಿ ಗ್ಯಾರೇಜಿನಲ್ಲಿ ವಿಚಾರಿಸಿ, ಅಷ್ಟನ್ನು ಕಳೆದು ಬೆಲೆ ಹೇಳಿ. ಒಪ್ಪಿದರೆ, ಅಲ್ಲಿಂದ ಸೀದಾ ಗ್ಯಾರೇಜಿಗೇ ತೆಗೆದುಕೊಂಡು ಹೋಗಿ.