ಓದುಗರ ಪ್ರಶ್ನೆ, ವೈದ್ಯರ ಉತ್ತರ: ಊದುವ ಪರೀಕ್ಷೆಯ ವರದಿ

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸ. ಬೀಡಿ ಬಿಟ್ಟು ಎರಡು ವರ್ಷವಾಯಿತು. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಊದುವ ಪರೀಕ್ಷೆಯಲ್ಲಿ (ಸ್ಪೈರೊಮೆಟ್ರಿ) ಎಫ್‌ವಿಸಿ 2.60 ಲೀಟರ್ (ಶೇ 82), ಎಫ್‌ಇವಿ-1 1.48 ಲೀಟರ್ (ಶೇ 60) ಎಂದಿದೆ. ಇನ್‌ಹೇಲರ್ ಕೊಟ್ಟ ಮೇಲೆ 2.68 ಮತ್ತು 1.60. ಶೇ 60 ಎಂದರೆ ಶ್ವಾಸಕೋಶದ ನಲವತ್ತು ಭಾಗ ಹಾಳಾಗಿದೆ ಎಂದೇ?
– ಶಿಡ್ಲಘಟ್ಟದ ಓದುಗರು

ಉತ್ತರ: ಅಲ್ಲ. ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತ ಗಂಡಸರು ಸರಾಸರಿ ಊದುವುದರಲ್ಲಿ ನಿಮ್ಮ ತಂದೆಯವರು ಶೇ 60ರಷ್ಟು ಊದಿದ್ದಾರೆ, ಅಷ್ಟೇ. ಎಫ್‌ವಿಸಿ ಎಂದರೆ ಎದೆ ತುಂಬ ಉಸಿರೆಳೆದು ಪೂರ್ತಿ ಹೊರಹಾಕಿದ ಗಾಳಿ. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು ಎಫ್‌ಇವಿ-1.

ಮೊದಲು ನೋಡಬೇಕಾದದ್ದು ಶೇಕಡಾವಾರನ್ನಲ್ಲ, ಇವೆರಡರ ಅನುಪಾತವನ್ನು. ಔಷಧ ಕೊಟ್ಟ ಮೇಲೆ 1.60ನ್ನು 2.68ರಿಂದ ಭಾಗಿಸಿದರೆ 0.60 ಬರುತ್ತದೆ. ಇದು 0.70ಕ್ಕಿಂತ ಕಡಿಮೆ, ಅಂದರೆ ಗಾಳಿ ಹೊರಬರುವ ನಳಿಕೆಗಳು ಕಿರಿದಾಗಿವೆ. ವಯಸ್ಸಾದವರಲ್ಲಿ ಈ ಅನುಪಾತ ತಾನಾಗಿಯೇ ಇಳಿಯುವುದರಿಂದ ಆಯಾ ವಯಸ್ಸಿನ ಕನಿಷ್ಠ ಮಿತಿಯನ್ನೂ ನೋಡುತ್ತಾರೆ. ವರದಿಯಲ್ಲಿ ‘ಎಲ್‌ಎಲ್‌ಎನ್’ ಎಂಬ ಕಾಲಂ ಇದ್ದರೆ ಅದೇ ಆ ಮಿತಿ. 0.60 ಆಗಿದ್ದರೆ 58ರ ವಯಸ್ಸಿನಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಇನ್‌ಹೇಲರ್‌ನಿಂದ ಎಫ್‌ಇವಿ-1 ಏರಿದ್ದು 120 ಮಿಲಿ, ಶೇ 8. ಔಷಧಕ್ಕೆ ನಳಿಕೆಗಳು ಚೆನ್ನಾಗಿ ತೆರೆದುಕೊಂಡವು ಎನ್ನಲು ಹಳೆಯ ಲೆಕ್ಕದಲ್ಲಿ ಕನಿಷ್ಠ ಶೇ 12 ಮತ್ತು 200 ಮಿಲಿ ಎರಡೂ ಏರಬೇಕಿತ್ತು. 2021ರ ಹೊಸ ಲೆಕ್ಕದಲ್ಲಿ ಇರಬೇಕಾದ ಅಳತೆಯ ಶೇ 10ಕ್ಕಿಂತ ಹೆಚ್ಚು. ಎರಡರಲ್ಲೂ ಇದು ಸಾಲದು. ಬೀಡಿಯ ಹಿನ್ನೆಲೆಯೂ ಇರುವುದರಿಂದ ಸಿಒಪಿಡಿಯ (ಗಾಳಿಯ ನಳಿಕೆಗಳು ಕಾಯಂ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಕಡೆಗೆ ಬೆರಳು ತೋರುತ್ತದೆ. ಆದರೆ ರೀಲಿಂಗ್ ಘಟಕದ ಹೊಗೆ, ಗೂಡಿನ ದೂಳು, ರೇಷ್ಮೆಯ ಪ್ರೋಟೀನ್‌ನಿಂದ ಆಸ್ತಮಾ ಬರುವುದೂ ಉಂಟು. ಅದಕ್ಕೆ ವೈದ್ಯರಿಗೆ ಒಂದು ಸಂಗತಿ ತಪ್ಪದೇ ಹೇಳಿ: ಕೆಲಸವಿಲ್ಲದ ದಿನಗಳಲ್ಲಿ ದಮ್ಮು ಕಮ್ಮಿಯಾಗುತ್ತದೆಯೇ? ವರದಿಯಲ್ಲಿ ಆ ಉತ್ತರ ಸಿಗುವುದಿಲ್ಲ.

‘ಏನೂ ಏರಲಿಲ್ಲ, ಇನ್‌ಹೇಲರ್ ದಂಡ’ ಎಂದು ಬಿಡಬೇಡಿ. 15 ನಿಮಿಷದಲ್ಲಿ ಕಾಣದ ಗುಣ ಹಲವರಿಗೆ ನಡೆದಾಡುವಾಗ ಕಾಣುತ್ತದೆ. ವಯಸ್ಸಿನ ಜೊತೆಗೆ ಎಫ್‌ಇವಿ-1 ವರ್ಷಕ್ಕೆ ಸುಮಾರು 25–30 ಮಿಲಿ ಇಳಿಯುವುದು ಸಹಜ, ಬೀಡಿ ಸೇದುವವರಲ್ಲಿ ಇನ್ನೂ ಬೇಗ. ಬಿಟ್ಟರೆ ಹೋದದ್ದು ಮರಳುವುದಿಲ್ಲ, ಇಳಿತದ ವೇಗ ಮಾತ್ರ ತಗ್ಗುತ್ತದೆ.

ಮುಂದಿನ ಸಲ ಪರೀಕ್ಷೆಗೆ ಹೋಗುವಾಗ ಸಾಲ್ಬುಟಮಾಲ್ ಪಂಪ್ ಸೇದಿ 4ರಿಂದ 6 ಗಂಟೆ ಆಗಿರಬೇಕು. ಫಾರ್ಮೋಟೆರಾಲ್, ಸಾಲ್ಮೆಟೆರಾಲ್ ಇರುವ ಪಂಪ್‌ಗಳಿಗೆ 24 ಗಂಟೆ, ಟಿಯೋಟ್ರೋಪಿಯಂಗೆ 36ರಿಂದ 48. ವೈದ್ಯರನ್ನು ಕೇಳಿಯೇ ನಿಲ್ಲಿಸಿ. ನಡುವೆ ದಮ್ಮು ಹೆಚ್ಚಾದರೆ ಪರೀಕ್ಷೆ ಮುಂದಕ್ಕೆ ಹೋಗಲಿ, ಪಂಪ್ ಸೇದಿ.

ಪ್ರಶ್ನೆ: ನನಗೆ 41, ಜಲ್ಲಿ ಕ್ರಷರ್‌ನಲ್ಲಿ ಕೆಲಸ. ಒಂದು ಲ್ಯಾಬ್‌ನಲ್ಲಿ ಎಫ್‌ವಿಸಿ 2.35 ಲೀಟರ್ (ಶೇ 62), ಎಫ್‌ಇವಿ-1 2.14 ಬಂದು ‘ರಿಸ್ಟ್ರಿಕ್ಷನ್’ (ಶ್ವಾಸಕೋಶ ಕುಗ್ಗಿದೆ) ಎಂದರು. ತಿಂಗಳ ನಂತರ ಇನ್ನೊಂದು ಕಡೆ 2.75 (ಶೇ 79) ಮತ್ತು 2.17. ಯಾವುದನ್ನು ನಂಬಲಿ? ಎರಡೂ ವರದಿ ಲಗತ್ತಿಸಿದ್ದೇನೆ.
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಎರಡನೆಯದನ್ನು. ಮೊದಲ ವರದಿಯ ಗ್ರಾಫ್ ನೋಡಿ: ಗೆರೆ ಇನ್ನೂ ಮೇಲೇರುತ್ತಿರುವಾಗಲೇ 2 ಸೆಕೆಂಡಿಗೆ ಕಡಿದುಹೋಗಿದೆ. ನೀವು ಊದುವುದನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ, ಹೇಳಿಕೊಡುವವರೂ ‘ಇನ್ನೂ, ಇನ್ನೂ’ ಎಂದು ಹುರಿದುಂಬಿಸಿಲ್ಲ. ಎರಡನೆಯದರಲ್ಲಿ ಗೆರೆ 7 ಸೆಕೆಂಡಿನವರೆಗೂ ಹೋಗಿ ಕೊನೆಗೆ ಚಪ್ಪಟೆಯಾಗಿದೆ. ಮೊದಲ ಸೆಕೆಂಡಿನ ಅಳತೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇರುವುದನ್ನು ಗಮನಿಸಿ. ಬದಲಾದದ್ದು ಶ್ವಾಸಕೋಶವಲ್ಲ, ಊದಿದ ಅವಧಿ. ಹೀಗೆ ಅರ್ಧಕ್ಕೆ ನಿಂತರೆ ಅನುಪಾತ ಸುಳ್ಳಾಗಿ ಮೇಲೇರುತ್ತದೆ (ನಿಮ್ಮದು 0.91), ನಿಜವಾದ ಅಡಚಣೆ ಇದ್ದರೂ ಮುಚ್ಚಿಹೋಗುತ್ತದೆ.

ಇನ್ನೊಂದು: ಮೊದಲ ವರದಿಯ ತಲೆಯಲ್ಲಿ ‘ಕಕೇಶಿಯನ್’, ಎರಡನೆಯದರಲ್ಲಿ ‘ಇಂಡಿಯನ್’ ಎಂದಿದೆ. ಬಿಳಿಯರ ಮಾಪಕದಲ್ಲಿ ನಮ್ಮವರ ಶೇಕಡಾವಾರು ಇಳಿದೇ ಕಾಣುತ್ತದೆ. ಒಂದು ಲ್ಯಾಬ್‌ನ ಶೇಕಡಾವಾರನ್ನು ಇನ್ನೊಂದರ ಜೊತೆ ಹೋಲಿಸುವ ಬದಲು ಲೀಟರನ್ನು ಹೋಲಿಸಿ. ಒಳ್ಳೆಯ ಪರೀಕ್ಷೆಯಲ್ಲಿ ಕನಿಷ್ಠ 3 ಸರಿಯಾದ ಊದುವಿಕೆ ಇರಬೇಕು, ಅತ್ಯುತ್ತಮವಾದ ಎರಡರ ನಡುವಿನ ವ್ಯತ್ಯಾಸ 150 ಮಿಲಿ ದಾಟಬಾರದು.

ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಶೇ 79 ಗಡಿಯಲ್ಲೇ ಇದೆ. ಶ್ವಾಸಕೋಶ ನಿಜಕ್ಕೂ ಕುಗ್ಗಿದೆಯೇ ಎಂದು ಊದುವ ಪರೀಕ್ಷೆಯೊಂದರಿಂದಲೇ ಹೇಳಲಾಗದು. ಅದಕ್ಕೆ ಶ್ವಾಸಕೋಶದ ಒಟ್ಟು ಗಾಳಿ ಅಳೆಯಬೇಕು. ಕಲ್ಲಿನ ದೂಳಿನ ಸಿಲಿಕೋಸಿಸ್‌ನಲ್ಲಿ ಊದುವ ಪರೀಕ್ಷೆ ಸರಿಯಿದ್ದಾಗಲೂ ಎಕ್ಸ್‌ರೇಯಲ್ಲಿ ಚುಕ್ಕೆ ಕಾಣಬಹುದು. ಎದೆಯ ಎಕ್ಸ್‌ರೇ ಮಾಡಿಸಿ, ಕೆಮ್ಮಿದ್ದರೆ ಕಫವನ್ನೂ ಕ್ಷಯಕ್ಕಾಗಿ ಪರೀಕ್ಷಿಸಿ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗುಲುತ್ತದೆ. ಬಾಯಿಗೆ ಕಟ್ಟುವ ಟವೆಲ್ ಆ ಸಣ್ಣ ದೂಳನ್ನು ತಡೆಯುವುದಿಲ್ಲ.

ಪ್ರಶ್ನೆ: ಮಗಳಿಗೆ 19. ಆಸ್ತಮಾ ಇದೆ, ವರದಿ ನಾರ್ಮಲ್ ಬಂದಿದೆ. ಪಂಪ್ ನಿಲ್ಲಿಸಬಹುದೇ?
– ತುಮಕೂರಿನ ಓದುಗರು

ಉತ್ತರ: ಬೇಡ. ಆಸ್ತಮಾ ಬಂದುಹೋಗುವ ತೊಂದರೆ, ಪಂಪ್ ಕೆಲಸ ಮಾಡುತ್ತಿರುವಾಗ ವರದಿ ನಾರ್ಮಲ್ ಬರುವುದೇ ಸರಿ. ಡೋಸ್ ಇಳಿಸುವುದಿದ್ದರೆ ಕನಿಷ್ಠ 3 ತಿಂಗಳು ಹಿಡಿತದಲ್ಲಿದ್ದ ಮೇಲೆ, ವೈದ್ಯರ ಮೂಲಕ.